ಕೇಳಿ ಕಲಿತ ಕೈ



ಈ ಹೊತ್ತಿನಲ್ಲಿ ನಿಮ್ಮಲ್ಲಿ ಹಲವರ ಕೈಯಲ್ಲಿ ಕೆಲಸವಿದೆ. ಕಿವಿಯನ್ನು ಮಾತ್ರ ನನಗೆ ಕೊಟ್ಟಿದ್ದೀರಿ. ಒಬ್ಬರು ಹೊಲಿಗೆ ಯಂತ್ರದ ಮುಂದೆ ಕೂತಿದ್ದೀರಿ. ಒಬ್ಬರು ಒಲೆಯ ಮುಂದೆ ನಿಂತಿದ್ದೀರಿ. ಇನ್ನೊಬ್ಬರು ರಾತ್ರಿ ಪಾಳಿಗೆ ಹೊರಡುವ ತಯಾರಿಯಲ್ಲಿದ್ದೀರಿ. ಇಂದು ನಾನು ಹೇಳುವುದು ನಿಮ್ಮಂಥ ಒಬ್ಬ ಕೇಳುಗರ ಕಥೆ. ಅವರ ಕೈಯಲ್ಲಿ ಬಣ್ಣದ ಕುಂಚವಿತ್ತು. ಅಂಗಡಿಯಲ್ಲಿ ಒಂದು ರೇಡಿಯೊ ಇತ್ತು. ಕೇಳುತ್ತ ಕೇಳುತ್ತ ಅವರು ಜಾಝ್ ಸಂಗೀತದ ದೊಡ್ಡ ಗಿಟಾರ್ ವಾದಕರಲ್ಲಿ ಒಬ್ಬರಾದರು.

ಅವರ ಹೆಸರು ಟಾಲ್ ಫಾರ್ಲೊ.

ಕಥೆಗೆ ಮೊದಲು ಒಂದು ಮಾತು. ಕನ್ನಡದಲ್ಲಿ 'ಕೇಳು' ಎಂಬ ಪದಕ್ಕೆ ಎರಡು ಅರ್ಥ. ಹಾಡು ಕೇಳುತ್ತೇವೆ. ಆಗ ಕಿವಿಗೊಡುತ್ತೇವೆ. ದಾರಿ ಕೇಳುತ್ತೇವೆ. ಆಗ ಪ್ರಶ್ನೆ ಹಾಕುತ್ತೇವೆ. ಕಿವಿಗೊಡುವುದಕ್ಕೂ ಪ್ರಶ್ನೆ ಹಾಕುವುದಕ್ಕೂ ನಮ್ಮ ಹಿರಿಯರು ಒಂದೇ ಪದವನ್ನು ಸಾಕೆಂದುಕೊಂಡರು. ಈ ಎರಡು ಅರ್ಥಗಳನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಫಾರ್ಲೊ ಅವರ ಬದುಕಿನ ಬಾಗಿಲನ್ನು ಈ ಒಂದು ಪದದಿಂದಲೇ ತೆರೆಯಬಹುದು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ನಾರ್ತ್ ಕ್ಯಾರೊಲಿನಾ ಎಂಬ ರಾಜ್ಯವಿದೆ. ಅಲ್ಲಿ ಗ್ರೀನ್ಸ್‌ಬರೊ ಎಂಬ ಊರು. ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಊರು. 1921ರ ಜೂನ್ ತಿಂಗಳಲ್ಲಿ ಫಾರ್ಲೊ ಅಲ್ಲಿ ಹುಟ್ಟಿದರು. ಸಂಗೀತ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಗುರುವಿನ ಮುಂದೆ ಕೂತು ಪಾಠ ಹೇಳಿಸಿಕೊಳ್ಳಲಿಲ್ಲ. ಮೊದಲು ಕೈಗೆ ಸಿಕ್ಕಿದ್ದು ಒಂದು ಮ್ಯಾಂಡೊಲಿನ್. ಅದನ್ನು ಯುಕುಲೇಲೆ ಎಂಬ ಪುಟ್ಟ ವಾದ್ಯದ ಶ್ರುತಿಗೆ ಕಟ್ಟಿಕೊಂಡು ನುಡಿಸಿದರು. ಯುಕುಲೇಲೆಗೆ ಇರುವುದು ನಾಲ್ಕೇ ತಂತಿ. ಆ ನಾಲ್ಕು ತಂತಿಯ ಅಭ್ಯಾಸ ಮುಂದೆ ಆರು ತಂತಿಯ ಗಿಟಾರಿಗೂ ಬಂತು. ಮೇಲಿನ ನಾಲ್ಕು ತಂತಿಗಳಲ್ಲಿ ರಾಗವನ್ನೂ, ಹಲವು ಸ್ವರಗಳನ್ನು ಒಟ್ಟಿಗೆ ಮೊಳಗಿಸುವ ಸ್ವರಮೇಳವನ್ನೂ ನುಡಿಸುತ್ತಿದ್ದರು. ಕೆಳಗಿನ ಎರಡು ದಪ್ಪ ತಂತಿಗಳನ್ನು ಹೆಬ್ಬೆರಳಿಗೆ ಬಿಟ್ಟಿದ್ದರು. ಕಲಿಸುವವರು ಇದ್ದಿದ್ದರೆ ಹೀಗೆ ಹಿಡಿಯಬೇಡ ಎನ್ನುತ್ತಿದ್ದರೋ ಏನೋ. ತಡೆಯುವವರು ಇರಲಿಲ್ಲ. ಆ ಹಿಡಿತವೇ ಅವರ ಗುರುತಾಯಿತು.

ಅವರು ಕ್ರಮವಾಗಿ ಕಲಿತ ವಿದ್ಯೆ ಒಂದೇ. ಬೋರ್ಡು ಬರೆಯುವುದು. ಫ್ಲೆಕ್ಸ್ ಬರುವ ಮೊದಲು ನಮ್ಮ ಪೇಟೆಗಳಲ್ಲೂ ಅಂಗಡಿಯ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದರು. ನಿಮಗೆ ನೆನಪಿರಬಹುದು. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಉಸಿರು ಹಿಡಿದು ಕುಂಚ ಓಡಿಸುತ್ತಿದ್ದರು. ಅಕ್ಷರದ ಬಾಗು ಒಂದೇ ಏಟಿಗೆ ಬರಬೇಕು. ನಡುವೆ ನಿಂತರೆ ಬಣ್ಣ ಗಂಟು ಕಟ್ಟುತ್ತದೆ. ಫಾರ್ಲೊ ಅವರದು ಅದೇ ಕಸುಬು.

ಅವರು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ರೇಡಿಯೊ ಇತ್ತು. ಫಾರ್ಲೊ ಅಲ್ಲಿ ರಾತ್ರಿ ಪಾಳಿಯನ್ನು ತಾವಾಗಿಯೇ ಕೇಳಿ ಪಡೆದರು. ಯಾರೂ ಬಯಸದ ಪಾಳಿಯನ್ನು ಯಾಕೆ ಕೇಳಿದರು? ರಾತ್ರಿಯಾದರೆ ರೇಡಿಯೊದಲ್ಲಿ ದೊಡ್ಡ ದೊಡ್ಡ ಜಾಝ್ ತಂಡಗಳ ನುಡಿಕೆ ಬರುತ್ತಿತ್ತು. ದೂರದ ನಗರಗಳ ಹೋಟೆಲುಗಳಿಂದ, ಕುಣಿತದ ಸಭಾಂಗಣಗಳಿಂದ ನೇರ ಪ್ರಸಾರ ನಡೆಯುತ್ತಿತ್ತು.

ಇದರಲ್ಲಿ ಪ್ರಕೃತಿಯ ಕೈವಾಡವೂ ಇದೆ. ಹಗಲಿನಲ್ಲಿ ಬಿಸಿಲಿನಿಂದಾಗಿ ಬಾನಿನ ಎತ್ತರದಲ್ಲಿ ಒಂದು ಪದರ ಹುಟ್ಟುತ್ತದೆ. ಅದು ಮಧ್ಯಮ ತರಂಗದ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಅದಕ್ಕೂ ಮೇಲಿನ ಪದರಕ್ಕೆ ತಾಗಿ, ನೂರಾರು ಮೈಲಿ ದಾಟಿ ಕೆಳಗಿಳಿಯುತ್ತವೆ. ರಾತ್ರಿಯ ಹೊತ್ತು ಮುಳ್ಳು ತಿರುಗಿಸುತ್ತ ದೂರದ ನಿಲ್ದಾಣಗಳನ್ನು ಹುಡುಕಿದವರಿಗೆ ಈ ಸುಖ ಗೊತ್ತು. ಕುಂಚ ಹಿಡಿದ ಆ ಯುವಕರಿಗೂ ಅದು ಗೊತ್ತಿತ್ತು.

ಕೇಳುಗರೇ, ಇಲ್ಲಿಯವರೆಗಿನ ಮಾತು ಇಷ್ಟು. ಊರು ಗ್ರೀನ್ಸ್‌ಬರೊ. ಕಸುಬು ಬೋರ್ಡು ಬರೆಯುವುದು. ಪಾಠಶಾಲೆ ರಾತ್ರಿಯ ರೇಡಿಯೊ. ಈಗ ಆ ರೇಡಿಯೊದಿಂದ ಬಂದ ಒಂದು ನಾದದ ಕಡೆ ಹೋಗೋಣ.

1939ರಲ್ಲಿ ಬೆನ್ನಿ ಗುಡ್‌ಮನ್ ಎಂಬ ಹೆಸರಾಂತ ಕ್ಲಾರಿನೆಟ್ ವಾದಕರ ತಂಡಕ್ಕೆ ಒಬ್ಬ ತರುಣ ಸೇರಿದರು. ಅವರು ಚಾರ್ಲಿ ಕ್ರಿಶ್ಚಿಯನ್. ಒಕ್ಲಹೋಮದಲ್ಲಿ ಬೆಳೆದ ಕಪ್ಪು ಜನಾಂಗದ ಗಿಟಾರ್ ವಾದಕ. ಆಗಿನ್ನೂ ಇಪ್ಪತ್ತಮೂರರ ವಯಸ್ಸು. ಅವರ ಗಿಟಾರಿಗೆ ವಿದ್ಯುತ್ ಇತ್ತು. ಉಕ್ಕಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಾಮ್ರದ ಸುರುಳಿ. ತಂತಿ ನಡುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಕೇಳಿಸುತ್ತದೆ.

ಇದು ಯಾಕೆ ಮುಖ್ಯ? ಅದಕ್ಕೂ ಮೊದಲು ದೊಡ್ಡ ತಂಡದಲ್ಲಿ ಗಿಟಾರಿನ ಪಾಡು ಹೆಚ್ಚಾಗಿ ಲಯ ಕೊಡುವುದಷ್ಟೇ. ಹತ್ತಾರು ಕಹಳೆಗಳು, ಸ್ಯಾಕ್ಸೊಫೋನುಗಳು ಮೊಳಗುವಾಗ ಗಿಟಾರಿನ ತೆಳು ದನಿ ಯಾರಿಗೆ ಕೇಳೀತು? ವಿದ್ಯುತ್ ಬಂದ ಮೇಲೆ ಗಿಟಾರು ಕಹಳೆಯ ಪಕ್ಕದಲ್ಲಿ ನಿಂತು ತನ್ನ ಮಾತು ತಾನು ಆಡಿತು. ಕ್ರಿಶ್ಚಿಯನ್ ಅದನ್ನು ಆಡಿಸಿದರು. 1942ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಇಪ್ಪತ್ತೈದು ವರ್ಷ ಬದುಕಿದರು. ಸುಮಾರು ಎರಡು ವರ್ಷದ ನುಡಿಕೆಯಲ್ಲಿ ಗಿಟಾರಿನ ಹಣೆಬರಹ ತಿದ್ದಿಹೋದರು.

ಬೋರ್ಡಿನಂಗಡಿಯ ಫಾರ್ಲೊ ಅವರಿಗೆ ಆ ನಾದ ಕೇಳಿಸಿತು. ಕೇಳಿ ಸುಮ್ಮನಾಗಲಿಲ್ಲ. ಕ್ರಿಶ್ಚಿಯನ್ ಅವರ ಮುದ್ರಿಕೆಗಳನ್ನು ಹಾಕಿಕೊಂಡು, ಅವರ ನುಡಿಕೆಯನ್ನು ಸ್ವರ ಸ್ವರವಾಗಿ ಕಲಿತರು. ವಿದ್ಯುತ್ ಗಿಟಾರು ಕೊಳ್ಳಲು ಹಣವಿರಲಿಲ್ಲ. ಹಾಗಾಗಿ ಕೈಯಾರೆ ಒಂದನ್ನು ಮಾಡಿಕೊಂಡರು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳದವರು ಇಂಥದನ್ನು ಕಟ್ಟಲಾರರು. 'ಕೇಳು' ಪದದ ಎರಡನೆಯ ಅರ್ಥ ಇಲ್ಲಿ ಕೈಗೂಡಿತು.

ಒಮ್ಮೆ ಹಿಂತಿರುಗಿ ನೋಡೋಣ. ರೇಡಿಯೊ ನಾದವನ್ನು ತಂದಿತು. ಕ್ರಿಶ್ಚಿಯನ್ ದಾರಿ ತೋರಿಸಿದರು. ಸ್ವಂತ ಕೈ ವಾದ್ಯವನ್ನು ಕಟ್ಟಿತು. ಈಗ ಆ ವಾದ್ಯ ಸೇರಿಕೊಂಡ ಹೊಸ ಸಂಗೀತದ ಮಾತು. ಅದೇ ಬೀಬಾಪ್. ಚಿಕ್ಕದಾಗಿ ಬಾಪ್.

ಬಾಪ್ ಎಂಬುದು ನಮ್ಮ ಕೊನ್ನಕೋಲಿನ ಸೊಲ್ಲಿನಂಥ ಪದ. ಬಾಯಲ್ಲಿ ಲಯ ನುಡಿಯುವಾಗ ಹುಟ್ಟಿದ ಸದ್ದು. 1940ರ ಹೊತ್ತಿಗೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಮಿಂಟನ್ಸ್ ಪ್ಲೇಹೌಸ್ ಎಂಬ ಜಾಗವಿತ್ತು. ನಡುರಾತ್ರಿ ಕಳೆದ ಮೇಲೆ ಅಲ್ಲಿ ವಾದಕರು ಸೇರುತ್ತಿದ್ದರು. ಪಿಯಾನೊ ಮುಂದೆ ಥೆಲೋನಿಯಸ್ ಮಂಕ್. ಡ್ರಮ್ಮಿನ ಮುಂದೆ ಕೆನ್ನಿ ಕ್ಲಾರ್ಕ್. ಕಹಳೆ ಹಿಡಿದು ಡಿಝಿ ಗಿಲೆಸ್ಪಿ ಬರುತ್ತಿದ್ದರು. ಚಾರ್ಲಿ ಕ್ರಿಶ್ಚಿಯನ್ ಕೂಡ ಬರುತ್ತಿದ್ದರು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಈ ಹೊಸ ದಾರಿಯ ಮುಂದಾಳಾದರು.

ಅವರು ಮಾಡಿದ್ದೇನು? ಜನಕ್ಕೆಲ್ಲ ಗೊತ್ತಿರುವ ಒಂದು ಸಿನಿಮಾ ಹಾಡನ್ನೋ ನಾಟಕದ ಹಾಡನ್ನೋ ತೆಗೆದುಕೊಳ್ಳುವುದು. ಅದರ ತಳದಲ್ಲಿರುವ ಸ್ವರಮೇಳಗಳ ಸಾಲನ್ನು ಹಾಗೇ ಇಟ್ಟುಕೊಳ್ಳುವುದು. ಮೇಲಿನ ರಾಗವನ್ನು ತೆಗೆದು, ಹೊಸ ರಾಗವನ್ನು ಆ ಕ್ಷಣದಲ್ಲೇ ಕಟ್ಟುವುದು. ನಮ್ಮ ಕಛೇರಿಯಲ್ಲಿ ಕಲ್ಪನಾಸ್ವರ ಹಾಡುವವರಿಗೆ ರಾಗವೂ ತಾಳದ ಆವರ್ತವೂ ಬೇಲಿ. ಬಾಪ್ ವಾದಕರಿಗೆ ಸ್ವರಮೇಳಗಳ ಸಾಲೇ ಬೇಲಿ. ಆದರೆ ಆ ಬೇಲಿ ನಿಂತಲ್ಲಿ ನಿಲ್ಲದು. ಒಂದೆರಡು ಸೆಕೆಂಡಿಗೊಮ್ಮೆ, ಕೆಲವೊಮ್ಮೆ ಅದಕ್ಕೂ ಬೇಗ, ಜಾಗ ಬದಲಿಸುತ್ತದೆ. ವಾದಕರು ಅದರ ಜೊತೆಗೇ ಹೊರಳಬೇಕು.

ವೇಗ ಎಷ್ಟು? ನಿಮ್ಮ ಮನೆಯ ಗೋಡೆ ಗಡಿಯಾರಕ್ಕೆ ಕಿವಿಗೊಡಿ. ಒಂದು ಟಿಕ್. ಮತ್ತೊಂದು ಟಿಕ್. ನಿಮಿಷಕ್ಕೆ 300 ತಟ್ಟಿನ ವೇಗ ಬಾಪ್‌ನಲ್ಲಿ ಹೊಸದಲ್ಲ. ತಟ್ಟಿಗೆ ಎರಡು ಸ್ವರ ಎಂದರೆ, ಆ ಎರಡು ಟಿಕ್‌ಗಳ ನಡುವೆ ಹತ್ತು ಸ್ವರ. ಹತ್ತೂ ಬಿಡಿಬಿಡಿಯಾಗಿ ಕೇಳಬೇಕು. ಹತ್ತಕ್ಕೂ ಅರ್ಥವಿರಬೇಕು.

ಸ್ಯಾಕ್ಸೊಫೋನಿಗೆ ಉಸಿರಿದೆ. ಒಂದೇ ಉಸಿರಿನಲ್ಲಿ ಹತ್ತು ಸ್ವರ ಹರಿಯಬಹುದು. ಗಿಟಾರಿನಲ್ಲಿ ಬಲಗೈ ಮೀಟಬೇಕು, ಎಡಗೈ ಒತ್ತಬೇಕು. ಎರಡೂ ಕೂದಲೆಳೆಯಷ್ಟೂ ತಪ್ಪದೆ ಸೇರಬೇಕು. ಮೀಟಿದ ಸ್ವರವಾದರೋ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಉಸಿರಿನ ವಾದ್ಯಕ್ಕೆ ಹುಟ್ಟಿದ ಸಂಗೀತವನ್ನು ಗಿಟಾರಿನಲ್ಲಿ ಹಿಡಿಯುವುದು ಅಷ್ಟು ಕಷ್ಟ.

ಇನ್ನೊಂದು ತೊಡಕೂ ಇತ್ತು. 1942ರಲ್ಲಿ ಅಮೆರಿಕದ ವಾದಕರ ಸಂಘ ಧ್ವನಿಮುದ್ರಣವನ್ನು ನಿಲ್ಲಿಸಿತು. ರೇಡಿಯೊದಲ್ಲೂ ಕಾಸು ಹಾಕಿ ಹಾಡು ಕೇಳುವ ಪೆಟ್ಟಿಗೆಗಳಲ್ಲೂ ಮುದ್ರಿಕೆಗಳು ತಿರುಗುತ್ತಿದ್ದವು. ನುಡಿಸಿದವರಿಗೆ ಅದರಿಂದ ಕಾಸು ಸಿಗುತ್ತಿರಲಿಲ್ಲ. ಅದರಲ್ಲಿ ತಮಗೂ ಪಾಲು ಬೇಕೆಂದರು. ನ್ಯಾಯವಾದ ಬೇಡಿಕೆ ಅದು. ದೊಡ್ಡ ಕಂಪನಿಗಳೊಡನೆ ಜಗಳ ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಬಾಪ್ ಬೆಳೆದದ್ದು ಅದೇ ವರ್ಷಗಳಲ್ಲಿ. ಹಾಗಾಗಿ ಅದರ ಎಳೆತನದ ಬಹುಪಾಲು ಯಾವ ತಟ್ಟೆಯಲ್ಲೂ ಉಳಿಯಲಿಲ್ಲ. ಕೇಳಬೇಕೆಂದರೆ ಇದ್ದಲ್ಲಿಗೇ ಹೋಗಬೇಕಿತ್ತು. ಫಾರ್ಲೊ ಹೋದರು. 1940ರ ದಶಕದ ನಡುವೆ, ಪಿಯಾನೊ ವಾದಕಿ ಡಾರ್ಡನೆಲ್ ಅವರ ತಂಡದೊಡನೆ ನ್ಯೂಯಾರ್ಕ್ ಸೇರಿದರು. ಬೋರ್ಡಿನಂಗಡಿಯ ಕಿವಿ ಈಗ ಬಾಪ್ ನುಡಿಯುವ ನಗರದ ನಡುವೆ ನಿಂತಿತು.

ಹೀಗೆ ಮೂರು ಮಾತು ಆಯಿತು. ಕೇಳಿದರು. ವಾದ್ಯ ಕಟ್ಟಿದರು. ಬಾಪ್ ಇರುವ ಊರಿಗೆ ಬಂದರು. ನಾಲ್ಕನೆಯದು, ಅವರ ಕೈ ಪಳಗಿದ ಬಗೆ.

1949ರ ಸುಮಾರಿಗೆ ರೆಡ್ ನಾರ್ವೊ ಎಂಬ ಹಿರಿಯ ವಾದಕರು ಫಾರ್ಲೊ ಅವರನ್ನು ತಮ್ಮ ಮೂವರ ತಂಡಕ್ಕೆ ಕರೆದುಕೊಂಡರು. ನಾರ್ವೊ ಅವರದು ವೈಬ್ರಫೋನ್. ಲೋಹದ ಪಟ್ಟಿಗಳ ಮೇಲೆ ಕೋಲಿನಿಂದ ನುಡಿಸುವ ವಾದ್ಯ. ಅದರ ನಾದ ಕೇಳಿದರೆ ನಿಮಗೆ ಜಲತರಂಗ ನೆನಪಾದೀತು. ಬೇಸ್ ಎಂಬ ಮಂದ್ರ ದನಿಯ ದೊಡ್ಡ ತಂತಿವಾದ್ಯವನ್ನು ನುಡಿಸಲು ಚಾರ್ಲ್ಸ್ ಮಿಂಗಸ್ ಬಂದರು. ಮುಂದೆ ಜಾಝ್‌ನ ದೊಡ್ಡ ಸಂಯೋಜಕರಾದವರು. ಆಗ ಅವರು ಲಾಸ್ ಏಂಜಲೀಸಿನಲ್ಲಿ ಅಂಚೆ ಇಲಾಖೆಯ ಕೆಲಸದಲ್ಲಿದ್ದರು. ಬೋರ್ಡು ಬರೆಯುತ್ತಿದ್ದವರು ಒಬ್ಬರು, ಅಂಚೆ ಕೆಲಸದವರು ಒಬ್ಬರು. ಆ ತಂಡ ಹೀಗೆ ಕೂಡಿಬಂತು.

ಈ ತಂಡದಲ್ಲಿ ಡ್ರಮ್ ಇರಲಿಲ್ಲ. ಪಿಯಾನೊ ಇರಲಿಲ್ಲ. ಮೃದಂಗವಿಲ್ಲದ ಕಛೇರಿಯನ್ನು ಊಹಿಸಿಕೊಳ್ಳಿ. ಲಯ ಹಿಡಿಯುವವರು ಬೇರೆ ಇಲ್ಲ. ಮೂವರೂ ಒಬ್ಬರನ್ನೊಬ್ಬರು ಕೇಳುತ್ತಲೇ ಇರಬೇಕು. ಒಬ್ಬರ ಕಿವಿ ಒಂದು ಗಳಿಗೆ ಮಲಗಿದರೂ ನುಡಿಕೆ ಕುಸಿಯುತ್ತದೆ. ಅದರ ಮೇಲೆ ನಾರ್ವೊ ಅವರ ವೇಗ. ಮೊದಮೊದಲು ಫಾರ್ಲೊ ಅವರ ಕೈ ಆ ವೇಗಕ್ಕೆ ಒಗ್ಗಲಿಲ್ಲ. ಕೂತು ಸಾಧನೆ ಮಾಡಿದರು. ಹಿಡಿದರು.

ಫಾರ್ಲೊ ಅವರ ಕೈ ಬಹಳ ದೊಡ್ಡದು. ಬೆರಳುಗಳು ಉದ್ದ. ಬೇರೆಯವರಿಗೆ ನಿಲುಕದ ಗಿಟಾರಿನ ಮನೆಗಳನ್ನು ಅವರ ಬೆರಳು ಒಂದೇ ಹಿಡಿತದಲ್ಲಿ ಮುಟ್ಟುತ್ತಿತ್ತು. ಜೊತೆಯವರು ಅವರನ್ನು ಆಕ್ಟೋಪಸ್ ಎಂದರು. ಎಂಟು ತೋಳಿನ ಕಡಲಜೀವಿ. ಡ್ರಮ್ ಇಲ್ಲದ ಕೊರತೆಯನ್ನೂ ಆ ಕೈಯೇ ತುಂಬಿತು. ಕೆಲವೊಮ್ಮೆ ತಂತಿ ಬಿಟ್ಟು ಗಿಟಾರಿನ ಹಲಗೆಯನ್ನೇ ಬೆರಳುಗಳಿಂದ ತಟ್ಟಿ ತಾಳ ಕೊಡುತ್ತಿದ್ದರು.

1950 ಮತ್ತು 1951ರಲ್ಲಿ ಈ ಮೂವರ ನುಡಿಕೆ ಮುದ್ರಣವಾಯಿತು. ಅದರಲ್ಲಿ 'ಮೂವ್' ಎಂಬ ತುಣುಕನ್ನು ತಪ್ಪದೆ ಕೇಳಿ. ಮೂರು ನಿಮಿಷದ ಆಸುಪಾಸು. ಗಿಟಾರೂ ವೈಬ್ರಫೋನೂ ಒಂದೇ ರಾಗವನ್ನು ಜೊತೆಯಾಗಿ ಹಿಡಿದು ಓಡುತ್ತವೆ. ಕೆಳಗೆ ಮಿಂಗಸ್ ಅವರ ಬೇಸ್ ನಡೆಯುತ್ತಿರುತ್ತದೆ. ಅಷ್ಟು ವೇಗದಲ್ಲೂ ಗದ್ದಲವಿಲ್ಲ. ಪಕ್ಕದ ಕೋಣೆಯಲ್ಲಿ ಮೂವರು ಆಪ್ತರು ತಗ್ಗಿದ ದನಿಯಲ್ಲಿ ಬಿರುಸಾಗಿ ಮಾತಾಡಿದಂತೆ ಇರುತ್ತದೆ.

ಆ ಮೂವರು ಹೆಚ್ಚು ಕಾಲ ಜೊತೆಗಿರಲಿಲ್ಲ. 1951ರಲ್ಲಿ ಒಂದು ಟೆಲಿವಿಷನ್ ಕಾರ್ಯಕ್ರಮಕ್ಕೆ ಕಪ್ಪು ಜನಾಂಗದ ಮಿಂಗಸ್ ಅವರ ಜಾಗದಲ್ಲಿ ಬಿಳಿಯ ವಾದಕರನ್ನು ನಿಲ್ಲಿಸಿದರು. ಮಿಂಗಸ್ ನೊಂದು ತಂಡ ಬಿಟ್ಟರು. ಕಿವಿಗೆ ಬಣ್ಣ ಗೊತ್ತಿಲ್ಲ. ರೇಡಿಯೊ ಮುಂದೆ ಕೂತವರಿಗೆ ಈ ಮಾತು ಹೇಳಿ ತಿಳಿಸಬೇಕಾಗಿಲ್ಲ.

ನೆನಪಿಡಿ, ಕೇಳುಗರೇ. ಮೂವರ ತಂಡದಲ್ಲಿ ಫಾರ್ಲೊ ಎರಡನ್ನು ಗಳಿಸಿದರು. ಒಂದು, ವೇಗ. ಇನ್ನೊಂದು, ಜೊತೆಯವರಿಗೆ ಕಿವಿಗೊಡುವ ಶಿಸ್ತು. ಈಗ ಅವರ ಸ್ವಂತ ಮುದ್ರಿಕೆಗಳಿಗೆ ಬರೋಣ.

1953ರಲ್ಲಿ ನಾರ್ವೊ ತಂಡದಿಂದ ಹೊರಬಂದರು. ಕೆಲವು ಕಾಲ ಕ್ಲಾರಿನೆಟ್ ವಾದಕ ಆರ್ಟಿ ಶಾ ಅವರ ಗ್ರಾಮರ್ಸಿ ಫೈವ್ ತಂಡದಲ್ಲಿ ನುಡಿಸಿದರು. 1954ರಿಂದ ತಮ್ಮದೇ ಹೆಸರಿನಲ್ಲಿ ಮುದ್ರಿಕೆ ತಂದರು. ಕಾಲವೂ ಅನುಕೂಲವಾಗಿತ್ತು. ಹಳೆಯ ಅರಗಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಯ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಮನೋಧರ್ಮದ ಸಂಗೀತಕ್ಕೆ ಈಗ ಮೈಚಾಚುವಷ್ಟು ಜಾಗ ಸಿಕ್ಕಿತು.

ಆ ಆರೇಳು ವರ್ಷಗಳ ಮುದ್ರಿಕೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು 1954ರ 'ಆಟಮ್ ಇನ್ ನ್ಯೂಯಾರ್ಕ್'. ಬೇಸ್ ನುಡಿಸಿದವರು ರೇ ಬ್ರೌನ್. ಹೆಸರಿನ ಹಾಡನ್ನು ಫಾರ್ಲೊ ನಿಧಾನವಾಗಿ ನುಡಿಸುತ್ತಾರೆ. ವೇಗದ ವಾದಕರ ನಿಜವಾದ ಅಳತೆ ವಿಳಂಬದಲ್ಲಿ ಸಿಗುತ್ತದೆ. ಓಡಿ ಮರೆಮಾಚಲು ಅಲ್ಲಿ ದಾರಿಯಿಲ್ಲ. ಸ್ವರಮೇಳಗಳನ್ನು ಅವರು ಜೋಡಿಸುವ ಕ್ರಮವನ್ನು ಗಮನಿಸಿ. ಒಂದು ಮೇಳ ಕರಗುವ ಮುನ್ನ ಅದರೊಳಗಿನ ಒಂದೇ ಸ್ವರ ಸರಿದು ಮುಂದಿನ ಮೇಳಕ್ಕೆ ಬಾಗಿಲು ತೆರೆಯುತ್ತದೆ.

ಅವರ ಇನ್ನೊಂದು ಕೌಶಲವನ್ನೂ ಇಲ್ಲೇ ಹೇಳಬೇಕು. ತಂತಿಯ ನಟ್ಟನಡುವೆ ಬೆರಳ ತುದಿಯನ್ನು ಒತ್ತದೆ, ಸುಮ್ಮನೆ ತಾಗಿಸಿ ಮೀಟಿದರೆ ಮೇಲಿನ ಸ್ಥಾಯಿಯ ಸ್ವರ ಹೊರಡುತ್ತದೆ. ತೆಳುವಾಗಿ, ಗಂಟೆಯ ಹಾಗೆ. ಎಡಗೈ ಬೆರಳು ಸರಿದಾಗ ತಂತಿಯ ನಡುವೂ ಸರಿಯುತ್ತದೆ. ಬಲಗೈ ಅದನ್ನು ಹಿಂಬಾಲಿಸಬೇಕು. ಒಂದೆರಡು ಸ್ವರವನ್ನು ಹೀಗೆ ನುಡಿಸುವುದು ಹಲವರಿಗೆ ಗೊತ್ತು. ಫಾರ್ಲೊ ಉದ್ದುದ್ದದ ಸಾಲುಗಳನ್ನೇ ಹೀಗೆ ನುಡಿಸುತ್ತಿದ್ದರು. ಒಂದೇ ಏಟಿಗೆ ಅಕ್ಷರದ ಬಾಗು ಎಳೆಯುತ್ತಿದ್ದ ಕೈ ಅದು ಎಂದು ನನಗೆ ಇಲ್ಲಿ ನೆನಪಾಗುತ್ತದೆ.

ಎರಡನೆಯದು 1956ರ 'ದ ಸ್ವಿಂಗಿಂಗ್ ಗಿಟಾರ್ ಆಫ್ ಟಾಲ್ ಫಾರ್ಲೊ'. ಮತ್ತೆ ಮೂವರ ತಂಡ. ಮತ್ತೆ ಡ್ರಮ್ ಇಲ್ಲ. ಪಿಯಾನೊದಲ್ಲಿ ಎಡ್ಡಿ ಕೋಸ್ಟಾ, ಬೇಸ್‌ನಲ್ಲಿ ವಿನ್ನಿ ಬರ್ಕ್. ಕೋಸ್ಟಾ ಪಿಯಾನೊದ ಕೆಳಸ್ಥಾಯಿಯಲ್ಲೇ ಗುಡುಗುವಂತೆ ನುಡಿಸುವವರು. ಮೇಲೆ ಗಿಟಾರು ಹೊಳೆಯುತ್ತದೆ, ಕೆಳಗೆ ಪಿಯಾನೊ ಗುಡುಗುತ್ತದೆ. ಇದರಲ್ಲಿ ಚಾರ್ಲಿ ಪಾರ್ಕರ್ ಅವರ 'ಯಾರ್ಡ್‌ಬರ್ಡ್ ಸ್ವೀಟ್' ಇದೆ. ಉಸಿರಿನ ವಾದ್ಯಕ್ಕೆ ಹುಟ್ಟಿದ ರಾಗ ಗಿಟಾರಿನಲ್ಲಿ ಎಲ್ಲೂ ತುಂಡಾಗದೆ ಸಾಗುತ್ತದೆ. ಆಗಲೇ ಹೇಳಿದ ಕಷ್ಟವನ್ನು ನೆನೆದುಕೊಂಡು ಕೇಳಿ. ಗಿಟಾರಿಗೂ ಉಸಿರಾಟ ಬಂದದ್ದು ನಿಮಗೇ ತಿಳಿಯುತ್ತದೆ.

ಇದು ಅವರ ಉಚ್ಛ್ರಾಯದ ಕಾಲ. ಇಲ್ಲಿಯವರೆಗೆ ನಾವು ಏರುತ್ತ ಬಂದೆವು. ಇನ್ನು ಅವರು ಹಿಂದೆ ಸರಿದ ಕಥೆ.

1958ರಲ್ಲಿ ಫಾರ್ಲೊ ಮದುವೆಯಾದರು. ನ್ಯೂಜೆರ್ಸಿ ರಾಜ್ಯದ ಸೀ ಬ್ರೈಟ್ ಎಂಬ ಕಡಲತೀರದ ಸಣ್ಣ ಊರಿಗೆ ಹೋಗಿ ನೆಲೆಸಿದರು. ಮತ್ತೆ ಕುಂಚ ಹಿಡಿದರು. ಮತ್ತೆ ಬೋರ್ಡು ಬರೆದರು. ಗಿಟಾರನ್ನು ಬಿಡಲಿಲ್ಲ. ಸುತ್ತಲಿನ ಕ್ಲಬ್ಬುಗಳಲ್ಲಿ ಆಗೊಮ್ಮೆ ಈಗೊಮ್ಮೆ ನುಡಿಸುತ್ತಿದ್ದರು. ಸುಮಾರು ಹತ್ತು ವರ್ಷ ಅವರ ಹೆಸರಿನಲ್ಲಿ ಹೊಸ ಮುದ್ರಣ ನಡೆಯಲಿಲ್ಲ. ಆ ನಡುವೆ, 1962ರಲ್ಲಿ, ಗಿಬ್ಸನ್ ಕಂಪನಿ ಅವರನ್ನು ಜೊತೆಗಿಟ್ಟುಕೊಂಡು ಅವರ ಹೆಸರಿನ ಗಿಟಾರನ್ನೇ ಹೊರತಂದಿತು. ಹಿಂದೊಮ್ಮೆ ಗಿಟಾರು ಕೊಳ್ಳಲು ಹಣವಿಲ್ಲದೆ ಕೈಯಾರೆ ಮಾಡಿಕೊಂಡವರ ಹೆಸರು ಈಗ ಗಿಟಾರಿನ ಮೇಲೆ ಕೂತಿತು.

ಹೀಗೆ ಹಿಂದೆ ಸರಿದದ್ದನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೋರ್ಡು ಬರೆಯುವುದು ಅವರಿಗೆ ಅನ್ನ ಕೊಟ್ಟ ವಿದ್ಯೆ. ಅವರಿಗೆ ಸಂಗೀತವನ್ನು ಕೇಳಿಸಿದ ವಿದ್ಯೆಯೂ ಅದೇ. ರಾತ್ರಿ ಪಾಳಿಯ ಆ ಅಂಗಡಿ ಇಲ್ಲದಿದ್ದರೆ ಗಿಟಾರು ಎಲ್ಲಿಂದ ಬರುತ್ತಿತ್ತು? ಅವರು ಹಿಂದಿರುಗಿದ್ದು ತಮ್ಮ ಪಾಠಶಾಲೆಗೆ. ಒಂದು ಕೈಕಸುಬನ್ನು ಕೀಳೆಂದು ನೋಡುವ ಕಣ್ಣಿಗೆ ಮಾತ್ರ ಅದು ಇಳಿಜಾರಾಗಿ ಕಾಣುತ್ತದೆ.

ಅವರು ಮತ್ತೆ ಮುದ್ರಣಕ್ಕೂ ಬಂದರು. 1969ರಲ್ಲಿ ಒಂದು ಮುದ್ರಿಕೆ. 1976ರಿಂದ ಕಾನ್‌ಕಾರ್ಡ್ ಸಂಸ್ಥೆಗೆ ಸಾಲು ಮುದ್ರಿಕೆಗಳು. ಮೊದಲನೆಯದರ ಹೆಸರು 'ಎ ಸೈನ್ ಆಫ್ ದ ಟೈಮ್ಸ್'. ಕಾಲದ ಗುರುತು ಎಂದು ಅರ್ಥ. ಇಂಗ್ಲಿಷಿನ 'ಸೈನ್' ಪದಕ್ಕೆ ಅಂಗಡಿಯ ಬೋರ್ಡು ಎಂಬ ಅರ್ಥವೂ ಇದೆ. ಪಿಯಾನೊದಲ್ಲಿ ಹ್ಯಾಂಕ್ ಜೋನ್ಸ್, ಬೇಸ್‌ನಲ್ಲಿ ಮತ್ತೆ ರೇ ಬ್ರೌನ್. ಈ ಸಲವೂ ಡ್ರಮ್ ಇಲ್ಲ. ಮೂವರೂ ಒಬ್ಬರನ್ನೊಬ್ಬರು ಕೇಳುತ್ತಾರೆ. 1981ರಲ್ಲಿ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. 1998ರ ಜುಲೈ ತಿಂಗಳಲ್ಲಿ, 77ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಕೇಳುಗರೇ, ಕೊನೆಯದಾಗಿ ಎಲ್ಲವನ್ನೂ ಒಮ್ಮೆ ಕೂಡಿಸೋಣ. ಒಬ್ಬರು ರಾತ್ರಿ ಪಾಳಿ ಕೇಳಿ ಪಡೆದು ರೇಡಿಯೊ ಕೇಳಿದರು. ಕೇಳಿದ್ದನ್ನು ಕಲಿತರು. ವಾದ್ಯ ಇಲ್ಲದಾಗ ಕಟ್ಟಿಕೊಂಡರು. ಜೊತೆಯವರನ್ನು ಕೇಳುತ್ತ ನುಡಿಸಿದರು. ಕುಂಚವನ್ನೂ ಗಿಟಾರನ್ನೂ ಒಂದೇ ಕೈಯಲ್ಲಿ, ಒಂದೇ ಮರ್ಯಾದೆಯಿಂದ ಹಿಡಿದರು.

ಅವರ ಮುದ್ರಿಕೆ ಸಿಕ್ಕಿದರೆ ಎರಡು ಸಲ ಕೇಳಿ. ಮೊದಲ ಸಲ ಸುಮ್ಮನೆ ಕಿವಿಗೊಡಿ. ಎರಡನೆಯ ಸಲ ಪ್ರಶ್ನೆ ಹಾಕಿ. ಈ ಸ್ವರ ಎಲ್ಲಿಂದ ಬಂತು? ಬೇಸ್ ನುಡಿಸುವವರು ಈಗ ಏನು ಹೇಳಿದರು? ಗಿಟಾರು ಅದಕ್ಕೆ ಏನು ಉತ್ತರ ಕೊಟ್ಟಿತು? ಇದಕ್ಕಾಗಿ ನಿಮ್ಮ ಕೈಯ ಕೆಲಸ ನಿಲ್ಲಿಸಬೇಕಾಗಿಲ್ಲ. ಗ್ರೀನ್ಸ್‌ಬರೊದ ಆ ಅಂಗಡಿಯಲ್ಲಿ, ರೇಡಿಯೊ ಹಾಡುತ್ತಿದ್ದಾಗ, ಫಾರ್ಲೊ ಅವರ ಕುಂಚವೂ ನಿಂತಿರಲಿಲ್ಲ.